ಮಾವನಿಗೆ ಬಿಲ್ ಕೊಟ್ಟಿದ್ದೀರಾ?

ಪ್ರಶ್ನೆ: ನನಗೆ 36 ವರ್ಷ. ಊರು ತಿಪಟೂರಿನ ಹತ್ತಿರ, ಇರುವುದು ಬೆಂಗಳೂರಿನಲ್ಲಿ. 13 ವರ್ಷದಿಂದ ಒಂದೇ ಐಟಿ ಕಂಪನಿಯಲ್ಲಿ ಜಾವಾ ಪ್ರೋಗ್ರಾಮರ್. ಬ್ಯಾಂಕ್ ಪ್ರಾಜೆಕ್ಟ್. ದಿನದ ಕೊನೆಗೆ ತಾಳೆಯಾಗದ ವ್ಯವಹಾರಗಳನ್ನು ಹುಡುಕುವ ಕೆಲಸ. ಕೈಗೆ 1.35 ಲಕ್ಷ ಬರುತ್ತದೆ, ಮನೆ ಸಾಲದ ಕಂತು 42 ಸಾವಿರ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, ಮಗಳು ಎರಡನೇ ಕ್ಲಾಸು. ಅಪ್ಪನಿಗೆ ಸ್ಟೆಂಟ್ ಹಾಕಿಸಿ ಎರಡು ವರ್ಷವಾಯಿತು. ಈಗ ಮ್ಯಾನೇಜರ್ ಆಗು ಎಂದು ಕಂಪನಿಯವರು ಹಿಂದೆ ಬಿದ್ದಿದ್ದಾರೆ. ನನಗೆ ಕೋಡ್ ಬರೆಯುವುದು ಬಿಟ್ಟು ಬೇರೇನೂ ಇಷ್ಟವಿಲ್ಲ. ಕೊಬ್ಬರಿ ಮಂಡಿ ಇಟ್ಟಿರುವ ಸೋದರಮಾವನಿಗೆ ಮೂರು ವರ್ಷದ ಹಿಂದೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟೆ, ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ. (ದುಡ್ಡು ತಗೊಂಡಿಲ್ಲ, ಮಾವನ ಹತ್ತಿರ ಹೇಗೆ ಕೇಳುವುದು?) ಅಕ್ಕಪಕ್ಕದ ಮಂಡಿಯವರೂ ಬೇಕು ಅನ್ನುತ್ತಿದ್ದಾರೆ. ಕೆಲಸ ಬಿಟ್ಟು ಸ್ವಂತಕ್ಕೆ ಇಳಿಯಬೇಕು ಅಂತ ಆಸೆ. ರಾಜೀನಾಮೆ ಪತ್ರ ಆರು ತಿಂಗಳಿಂದ ಡ್ರಾಫ್ಟ್‌ನಲ್ಲೇ ಇದೆ. ಹೆಂಡತಿಗೆ ಹೇಳಿದರೆ ಅವಳಿಗೆ ಅರ್ಥವಾಗುವುದಿಲ್ಲ. ನಾರಾಯಣ ಮೂರ್ತಿಯವರೂ ಹತ್ತು ಸಾವಿರದಿಂದಲೇ ಶುರು ಮಾಡಿದ್ದಲ್ಲವೇ? ಹೇಗೂ ಎಐ ಬಂದು ನಮ್ಮ ಕೆಲಸ ಹೋಗುತ್ತದೆ ಎನ್ನುತ್ತಾರೆ. ಬಿಡಲೇ, ಬೇಡವೇ? ಬಿಟ್ಟರೆ ಹೊಸ ಮ್ಯಾಕ್‌ಬುಕ್ ತಗೊಳ್ಳಲೇ?

– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಕಣ್ಣು ನಿಂತದ್ದು ನೀವು ಕಂಸದೊಳಗೆ ಮುಚ್ಚಿಟ್ಟ ಆ ಒಂದು ಸಾಲಿನ ಮೇಲೆ. ಮೂರು ವರ್ಷ ದಿನವೂ ಓಡುತ್ತಿರುವ ಸಾಫ್ಟ್‌ವೇರ್, ಅದಕ್ಕೆ ಒಂದು ರೂಪಾಯಿ ಬಂದಿಲ್ಲ. ಬರಲಿಲ್ಲ ಅಂತಲೂ ಅಲ್ಲ, ನೀವು ಕೇಳಿಯೇ ಇಲ್ಲ. ನಿಮ್ಮ ಪ್ರಶ್ನೆ ಕೆಲಸ ಬಿಡುವುದೋ ಬೇಡವೋ ಎಂಬುದು. ನನಗೆ ಅದಕ್ಕಿಂತ ಮುಂಚಿನ ಪ್ರಶ್ನೆಯೊಂದಿದೆ: ಎದುರಿಗೆ ಕೂತವರ ಮುಖ ನೋಡಿ ‘ಇದಕ್ಕೆ ಇಷ್ಟಾಗುತ್ತದೆ’ ಎನ್ನಲು ನಿಮಗೆ ಬರುತ್ತದೆಯೇ?

ನನಗೆ ಬರುತ್ತಿರಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. 2009ರಲ್ಲಿ ನೌಕರಿ ಬಿಟ್ಟು ಮೊದಲ ಗಿರಾಕಿಯನ್ನು ಹುಡುಕಿಕೊಂಡು ಪೀಣ್ಯಕ್ಕೆ ಹೋದೆ. ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ, ಸ್ಟಾಕ್ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬೇಕಿತ್ತು. ರಾತ್ರಿಯೆಲ್ಲ ಲೆಕ್ಕ ಹಾಕಿ 60 ಸಾವಿರ ಎಂದು ತೀರ್ಮಾನಿಸಿದ್ದೆ. ಹೇಳಿದೆ. ಯಜಮಾನರು ಏನೂ ಮಾತಾಡದೆ ತಲೆಯೆತ್ತಿ ಫ್ಯಾನ್ ನೋಡಿದರು. ನನ್ನ ಬಾಯಿ ತಾನಾಗೇ ಬಿಚ್ಚಿತು: ‘45ಕ್ಕೂ ಮಾಡಬಹುದು ಸರ್.’ ಅವರು ಬಾಗಿಲ ಕಡೆ ನೋಡಿದರು. ‘ನೀವು ಹೇಳಿ, 35 ಆದರೂ ಪರವಾಗಿಲ್ಲ.’ ಅಷ್ಟರಲ್ಲಿ ಚಹಾ ಬಂತು. ಬಾಗಿಲ ಕಡೆ ನೋಡಿದ್ದು ಚಹಾದ ಹುಡುಗನಿಗಾಗಿ, ಫ್ಯಾನ್ ನೋಡಿದ್ದು ಅದು ಸದ್ದು ಮಾಡುತ್ತಿದ್ದದ್ದಕ್ಕೆ. ಅವರೇ ಎಷ್ಟೋ ವರ್ಷದ ಮೇಲೆ ನಗುತ್ತ ಹೇಳಿದರು: ‘ನಾನು 60ಕ್ಕೆ ಹೂಂ ಅನ್ನೋಣ ಅಂತಿದ್ದೆ, ನೀವೇ ಬಿಡಲಿಲ್ಲ.’ ಎರಡು ಗುಟುಕು ಚಹಾ ಬರುವಷ್ಟರಲ್ಲಿ 25 ಸಾವಿರ ಕಳೆದುಕೊಂಡವಳು ನಾನು. ಆ 35 ಸಾವಿರವಾದರೂ ಕೈಗೆ ಸೇರಲು ಐದು ತಿಂಗಳು ಬೇಕಾಯಿತು. ಕೋಡ್‌ನಲ್ಲಿ ಒಂದು ತಪ್ಪೂ ಇರಲಿಲ್ಲ, ಆ ಹೆಮ್ಮೆ ಈಗಲೂ ಇದೆ. ಹೆಮ್ಮೆಯಿಂದ ಕರೆಂಟ್ ಬಿಲ್ ಕಟ್ಟಲಾಗುವುದಿಲ್ಲ.

ನೀವು 13 ವರ್ಷ ಇರುವ ಉದ್ಯಮ ನಿಂತಿರುವುದೇ ಜನರ ಗಂಟೆಗಳನ್ನು ಮಾರಿ. ನಿಮ್ಮ ಒಂದು ಗಂಟೆಗೆ ಆ ಬ್ಯಾಂಕಿನಿಂದ ಎಷ್ಟು ಡಾಲರ್ ವಸೂಲಾಗುತ್ತದೆ ಎಂಬುದು ನಿಮಗೆ ಗೊತ್ತಿಲ್ಲ ಎಂದು ಪಂಥ ಕಟ್ಟುತ್ತೇನೆ. ಕೇಳುವ ಕೆಲಸ, ಚೌಕಾಶಿ, ಬಾಕಿ ವಸೂಲಿ ಇವನ್ನೆಲ್ಲ ಬೇರೆ ಯಾರೋ ಮಾಡಿ, ಒಂದನೇ ತಾರೀಖು ನಿಮ್ಮ ಖಾತೆಗೆ ಹಾಕುತ್ತಿದ್ದಾರೆ. ಸ್ವಂತಕ್ಕೆ ಇಳಿದರೆ ದಿನದಲ್ಲಿ ಅರ್ಧ ಹೊತ್ತು ಆ ಕೆಲಸವೇ. ‘ಕೋಡ್ ಬಿಟ್ಟು ಬೇರೇನೂ ಇಷ್ಟವಿಲ್ಲ’ ಎನ್ನುವವರಿಗೆ ಸ್ವಂತ ಉದ್ಯೋಗಕ್ಕಿಂತ ನೌಕರಿಯೇ ಹೆಚ್ಚು ಕೋಡ್ ಕೊಡುತ್ತದೆ. ಕಹಿ ಅನಿಸಬಹುದು, ಆದರೂ ನಿಜ.

ಅದಕ್ಕೇ ಆ ಮ್ಯಾನೇಜರ್ ಹುದ್ದೆಯನ್ನು ಒಂದು ವರ್ಷದ ಮಟ್ಟಿಗೆ ಒಪ್ಪಿಕೊಳ್ಳಿ. ಮುಖ ಸಿಂಡರಿಸಬೇಡಿ. ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತದೆಂದು ಅಂದಾಜು ಹಾಕುವುದು ಹೇಗೆ, ಗಿರಾಕಿ ‘ಇದೊಂದು ಚಿಕ್ಕ ಬದಲಾವಣೆ’ ಎಂದಾಗ ಅದನ್ನು ಒಪ್ಪಂದದ ಹೊರಗಿಟ್ಟು ಬೇರೆ ಬಿಲ್ ಮಾಡುವುದು ಹೇಗೆ, ಇನ್‌ವಾಯ್ಸ್ ಎಂದು ಹೋಗುತ್ತದೆ, ಹಣ ಎಂದು ಬರುತ್ತದೆ, ಎಲ್ಲವೂ ಆ ಕುರ್ಚಿಯ ಎಕ್ಸೆಲ್ ಹಾಳೆಯಲ್ಲಿದೆ. ನಾನು ಪೀಣ್ಯದಲ್ಲಿ ಕೈಯಿಂದ ದುಡ್ಡು ಕೊಟ್ಟು ಕಲಿತದ್ದನ್ನು ನೀವು ಸಂಬಳ ತಗೊಂಡು ಕಲಿಯಬಹುದು.

ಈಗ ಸ್ವಲ್ಪ ಲೆಕ್ಕ. ವರ್ಷದ 365 ದಿನದಲ್ಲಿ ಶನಿವಾರ, ಭಾನುವಾರ, ಹಬ್ಬ, ಮದುವೆ, ಜ್ವರ ಎಲ್ಲ ಕಳೆದರೆ ಉಳಿಯುವುದು ಸುಮಾರು 230. ಗಿರಾಕಿ ಹುಡುಕುವುದು, ಕೊಟೇಶನ್ ಬರೆಯುವುದು, ಬಾಕಿಗೆ ಅಲೆಯುವುದು ಇವಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಬಿಲ್ ಮಾಡಲು ಸಿಗುವುದು 120 ದಿನ. ಈಗಿನ ಸಂಬಳ, ಕಂಪನಿ ಕಟ್ಟುವ ಪಿಎಫ್, ವಿಮೆ ಸೇರಿಸಿ ವರ್ಷಕ್ಕೆ 20 ಲಕ್ಷ ಬೇಕು ಎಂದಿಟ್ಟುಕೊಳ್ಳಿ. ದಿನಕ್ಕೆ 16 ಸಾವಿರದ ಮೇಲಾಯಿತು. ಯಾವ ಮಂಡಿಯವರೂ ಕೊಡುವುದಿಲ್ಲ. ಸರಿ, ದಿನದ ಲೆಕ್ಕ ಬೇಡ, ವರ್ಷಕ್ಕೆ ಒಂದು ಮಂಡಿಗೆ 12 ಸಾವಿರ ಎನ್ನೋಣ. 20 ಲಕ್ಷ ಆಗಲು ನಿಮಗೆ 167 ಮಾವಂದಿರು ಬೇಕು. ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಸುತ್ತಿದರೂ ಮೊದಲ ಎರಡು ವರ್ಷದಲ್ಲಿ 30 ಸಿಕ್ಕರೆ ನಿಮ್ಮ ಅದೃಷ್ಟ. ಆ ಮೂವತ್ತೂ ಮಂದಿ, ಕೊಬ್ಬರಿ ಹರಾಜಾಗುವ ಟೆಂಡರ್ ದಿನ, ಒಂದೇ ಹೊತ್ತಿಗೆ ಫೋನ್ ಮಾಡುತ್ತಾರೆ.

ಹಾಗಾದರೆ ಮಂಡಿ ಸಾಫ್ಟ್‌ವೇರ್ ಕೈಬಿಡಬೇಕೇ? ಬೇಡ. ಅದು ನಿಧಾನಕ್ಕೆ ಫಲ ಕೊಡುವ ತೆಂಗಿನ ಸಸಿ. ಸಸಿ ನೆಟ್ಟವರು ಕಾಯಿ ಬಿಡುವ ತನಕ ನಡುವೆ ಬೇರೆ ಬೆಳೆ ಹಾಕುತ್ತಾರೆ ಎಂಬುದು ತಿಪಟೂರಿನವರಿಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ನಡುಬೆಳೆ ಆ ಬ್ಯಾಂಕ್ ಕೆಲಸ. ‘ಜಾವಾ ಬರುತ್ತದೆ’ ಎಂದು ಹೊರಟರೆ ಲಕ್ಷಾಂತರ ಜನರಲ್ಲಿ ನೀವೂ ಒಬ್ಬರು. ‘ದಿನದ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ಎಲ್ಲಿ ಹುಡುಕಬೇಕು ಅಂತ ನನಗೆ ಗೊತ್ತು’ ಎಂದರೆ, ಸಹಕಾರಿ ಬ್ಯಾಂಕು, ಚಿಕ್ಕ ಪೇಮೆಂಟ್ ಕಂಪನಿಗಳಲ್ಲಿ ಆ ಸಂಕಟದಲ್ಲೇ ರಾತ್ರಿ ಎಚ್ಚರ ಕೂರುವ ಯಾರೋ ಒಬ್ಬರು ಕಿವಿಗೊಡುತ್ತಾರೆ. ದಿನಕ್ಕೆ 16 ಸಾವಿರ ಕೊಡುವವರು ಅವರೇ. ಅಂಥವರು ಜಾಹೀರಾತಿನಿಂದ ಸಿಗುವುದಿಲ್ಲ. ನಿಮ್ಮ ಜೊತೆ ಕೆಲಸ ಮಾಡಿ ಬಿಟ್ಟುಹೋದವರ ಹೆಸರು ಒಂದು ಹಾಳೆಯಲ್ಲಿ ಬರೆಯಿರಿ. ನನ್ನ ಮೊದಲ ಹತ್ತು ಗಿರಾಕಿಗಳಲ್ಲಿ ಏಳು ಮಂದಿ ಅಂಥ ಹಾಳೆಯಿಂದ ಬಂದವರು.

ಹೆಂಡತಿಯ ವಿಷಯ. ನನಗೆ ನಿಮ್ಮ ಮೇಲೆ ಸ್ವಲ್ಪ ಸಿಟ್ಟು ಬಂದದ್ದು ಇಲ್ಲಿ. ನಾರಾಯಣ ಮೂರ್ತಿಯವರ ಹತ್ತು ಸಾವಿರದ ಮಾತೆತ್ತಿದ್ದೀರಿ. 1981ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಶುರುವಾದಾಗ ಆ ಹತ್ತು ಸಾವಿರ ಬಂದದ್ದು ಸುಧಾ ಮೂರ್ತಿಯವರ ಉಳಿತಾಯದಿಂದ. ಅಂದರೆ ನೀವು ಹೇಳುವ ಕಥೆಯಲ್ಲೂ ಮೊದಲು ಹಣ ಹಾಕಿದವರು ಹೆಂಡತಿ. ನೀವು ನಿಮ್ಮ ಬಂಡವಾಳಗಾರರಿಗೆ ಒಂದು ಲೆಕ್ಕದ ಹಾಳೆಯನ್ನೂ ತೋರಿಸದೆ ‘ಅರ್ಥವಾಗುವುದಿಲ್ಲ’ ಎನ್ನುತ್ತಿದ್ದೀರಿ. ಅವರಿಗೆ ಅರ್ಥವಾಗಿದೆ. ಹೆದರಿಕೆ ಯಾವುದಕ್ಕೆ ಎಂದು ನಾನು ಊಹಿಸಬಲ್ಲೆ: ಸ್ಟೆಂಟ್. ಕಂಪನಿಯ ಗುಂಪು ವಿಮೆಯಲ್ಲಿ ನಿಮ್ಮ ತಂದೆಯ ಹೆಸರಿದ್ದರೆ, ನೌಕರಿ ಬಿಟ್ಟ ದಿನ ಆ ರಕ್ಷೆಯೂ ಹೋಗುತ್ತದೆ. ಹೊರಗೆ ಹೊಸ ಪಾಲಿಸಿ ಮಾಡಿಸಿದರೆ, ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಆಗುತ್ತದೆಯೇ ಎಂದು ರಾಜೀನಾಮೆಗೆ ಮೊದಲೇ, ಕಾಗದದ ಮೇಲೆ ಕೇಳಿ. ಇದು ಇತ್ಯರ್ಥವಾಗುವವರೆಗೆ ಆ ಡ್ರಾಫ್ಟ್ ಡ್ರಾಫ್ಟ್ ಆಗಿಯೇ ಇರಲಿ.

ಆಮೇಲೆ ಇಬ್ಬರೂ ಕೂತು ಬರೆಯಿರಿ. ಕಂತು 42 ಸಾವಿರ, ಮಗಳ ಫೀಸು, ದಿನಸಿ, ಊರಿಗೆ ಕಳಿಸುವುದು. ತಿಂಗಳಿಗೆ 90 ಸಾವಿರ ಎಂದಾದರೆ ವರ್ಷಕ್ಕೆ 10.8 ಲಕ್ಷ. ಅಷ್ಟು ಬ್ಯಾಂಕಿನಲ್ಲಿ ಇದ್ದ ದಿನ ಮಾತು ಬೇರೆ. ಪಿಎಫ್ ಅದರಲ್ಲಿ ಸೇರಿಸಬೇಡಿ, ಅದನ್ನು ಮುಟ್ಟಬೇಡಿ. ಎಷ್ಟು ತಿಂಗಳು ನೋಡಿ, ಆಗದಿದ್ದರೆ ಮತ್ತೆ ನೌಕರಿಗೆ ಹೋಗುತ್ತೀರಿ ಎಂಬ ತಾರೀಖನ್ನು ಅವರೇ ಬರೆಯಲಿ. ನಮ್ಮ ಮನೆಯಲ್ಲಿ ಆ ತಾರೀಖು ಬರೆದವರು ನಮ್ಮ ಯಜಮಾನರು, ಫ್ರಿಜ್ ಮೇಲೆ ಅಂಟಿಸಿದ್ದರು. 2013ರಲ್ಲಿ ನಾನು ಎರಡು ವರ್ಷ ನೌಕರಿಗೆ ವಾಪಸ್ ಹೋಗಿ ಬಂದೆ. ಸೋತೆ ಅಂತ ಅವತ್ತು ಅತ್ತಿದ್ದೆ. ಆಮೇಲಿನ ಗಿರಾಕಿಗಳು ಅದನ್ನು ಕೇಳಲೂ ಇಲ್ಲ.

ತೆರಿಗೆಯ ಭಯ ಬೇಡ. ಐಟಿ ವೃತ್ತಿಯವರಿಗೆ, ಎಲ್ಲರೂ 44ಎಡಿಎ ಎಂದು ಕರೆದು ರೂಢಿಯಾದ ಅಂದಾಜು ತೆರಿಗೆ ಪದ್ಧತಿಯಿದೆ. ಬಂದ ಹಣದ ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕು. ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಮಾಡಿಸಿ. ಅದಿದ್ದರೆ 45 ದಿನದೊಳಗೆ ಹಣ ಕೊಡದ ಗಿರಾಕಿ ಬಡ್ಡಿ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯಿದೆ ಹೇಳುತ್ತದೆ. ನಾನಂತೂ ಆ ಕಾಯಿದೆಯನ್ನು ಒಮ್ಮೆಯೂ ಬಳಸಿಲ್ಲ, ಅರ್ಧ ಮುಂಗಡ ಬರದೆ ಕೆಲಸ ಶುರು ಮಾಡುವುದಿಲ್ಲ, ಅಷ್ಟೇ.

ಎಐ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಲ್ಲಿಂಗ್ ಪ್ರೋಗ್ರಾಂ ಬರೆಯುವುದು ಅದಕ್ಕೆ ಸಲೀಸು. ನಿಮ್ಮ ಮಾವನ ಮಂಡಿಯಲ್ಲಿ ಚೀಲದ ತೂಕ ಎಷ್ಟು ಕಳೆಯುತ್ತಾರೆ, ಹಮಾಲಿ ಯಾರ ಲೆಕ್ಕಕ್ಕೆ, ತೂಕದ ಚೀಟಿಗೂ ಬಿಲ್ಲಿಗೂ ಯಾಕೆ ತಾಳೆಯಾಗುವುದಿಲ್ಲ ಎಂದು ಗೋಣಿ ಮೇಲೆ ಕೂತು ತಿಳಿದುಕೊಂಡವರು ನೀವು. ಬರೀ ಟೈಪ್ ಮಾಡುವುದಕ್ಕೆ ಸಂಬಳ ತಗೊಳ್ಳುವವರು ಹೆದರಲಿ, ಅವರು ಹೆದರಬೇಕಾದದ್ದೇ.

ಇನ್ನು ಮಾವ. ತಮ್ಮ ಅಣ್ಣನದೇ ಲಾಟ್ ಬಂದರೂ ಅವರು ಕಮಿಷನ್ ಬಿಡುತ್ತಾರೆಯೇ? ವ್ಯಾಪಾರಸ್ಥರು ದುಡ್ಡು ಕೇಳಿದ್ದಕ್ಕೆ ಮುನಿಯುವುದಿಲ್ಲ, ಕೇಳದವನನ್ನು ಹುಡುಗ ಎಂದುಕೊಳ್ಳುತ್ತಾರೆ. ಆದರೆ ಹಣ ಮುಟ್ಟುವ ಮೊದಲು ಕಂಪನಿಯ ನೇಮಕಾತಿ ಪತ್ರ ಓದಿ. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೋ 300 ಮಂದಿಯನ್ನು ಮನೆಗೆ ಕಳಿಸಿದ್ದು ಮೂನ್‌ಲೈಟಿಂಗ್, ಅಂದರೆ ನೌಕರಿಯಲ್ಲಿದ್ದುಕೊಂಡೇ ಇನ್ನೊಂದು ಕಡೆ ಕೆಲಸ ಮಾಡಿದ ಕಾರಣಕ್ಕೆ. ಮುಂದಿನ ತಿಂಗಳೇ ಇನ್ಫೋಸಿಸ್, ಮೊದಲೇ ಅನುಮತಿ ಪಡೆದರೆ ಹೊರಗಿನ ಬಿಡಿ ಕೆಲಸ ಮಾಡಬಹುದು ಎಂದಿತು. ನಿಮ್ಮ ಎಚ್‌ಆರ್‌ಗೂ ಬರೆದು ಕೇಳಿ. ‘ಹೆಂಡತಿ ಹೆಸರಲ್ಲಿ ಬಿಲ್ ಮಾಡು’ ಎನ್ನುವ ಬುದ್ಧಿವಂತರು ಸಿಗುತ್ತಾರೆ, ಅವರಿಂದ ದೂರವಿರಿ. ಅನುಮತಿ ಸಿಗದಿದ್ದರೆ ಹಣ ಮುಟ್ಟಬೇಡಿ, ದರವನ್ನಂತೂ ಹೇಳಿಬಿಡಿ: ‘ಮಾವ, ಇಷ್ಟು ದಿನ ಮನೆಯವನಾಗಿ ಮಾಡಿದೆ. ಮುಂದೆ ನಾನು ಇದನ್ನೇ ಕಸುಬು ಮಾಡಿಕೊಂಡರೆ ವರ್ಷಕ್ಕೆ 12 ಸಾವಿರ ಆಗುತ್ತೆ. ಕೊಡ್ತೀರಾ?’ ಹೇಳಿ ಸುಮ್ಮನಿರಿ. ಅವರು ಫ್ಯಾನ್ ನೋಡಲಿ, ಎಲೆ ಅಡಿಕೆ ಹಾಕಿಕೊಳ್ಳಲಿ, ಪಕ್ಕದ ಮಂಡಿಯವರನ್ನು ಕರೆದು ಮಾತಾಡಲಿ. ನೀವು ಬಾಯಿ ಬಿಡಬೇಡಿ.

ಮ್ಯಾಕ್‌ಬುಕ್ ಬೇಡ. ಆದರೆ ಒಂದು ಲ್ಯಾಪ್‌ಟಾಪ್ ಬೇಕು, ಈ ವಾರವೇ. ಮಾವನ ಸಾಫ್ಟ್‌ವೇರ್ ಬರೆದದ್ದು ಕಂಪನಿಯ ಯಂತ್ರದಲ್ಲಲ್ಲ ತಾನೇ? ಪತ್ರದಲ್ಲಿ ನೀವದನ್ನು ಹೇಳಿಲ್ಲ, ನನಗೆ ಅನುಮಾನ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ, ನೌಕರಿಯ ಭಾಗವಾಗಿ ಬರೆದ ಕೃತಿಗೆ ಮಾಲೀಕರು ಕಂಪನಿಯವರು. ನಿಮ್ಮದು ನೌಕರಿಯ ಭಾಗವಲ್ಲದಿದ್ದರೂ ಅವರ ಯಂತ್ರದಲ್ಲಿ ಬರೆದದ್ದಾದರೆ ನಾಳೆ ಸುಮ್ಮನೆ ಜಗಳಕ್ಕೆ ದಾರಿ, ನೇಮಕಾತಿ ಪತ್ರ ಓದುವಾಗ ಆ ಷರತ್ತನ್ನೂ ಹುಡುಕಿ. ಎಸ್‌ಪಿ ರೋಡ್‌ಗೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ ತನ್ನಿ. ಅಂಗಡಿಯವನು ಮೊದಲ ಬೆಲೆ ಹೇಳಿದ ಮೇಲೆ ಏನು ಮಾಡುತ್ತಾನೆ ಎಂಬುದನ್ನು ಚೆನ್ನಾಗಿ ಗಮನಿಸಿ.