ಬಾಡಿಗೆಯವರು ಇರುವಾಗಲೇ ಮನೆ ಮಾರಬಹುದು

ವಿನೋಬನಗರದ ಮನೆ ಮಾರುವ ಮೊದಲು ಬಾಡಿಗೆಯವರನ್ನು ಬಿಡಿಸಲೇಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ ಸರ್. ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಸೆಕ್ಷನ್ ಪ್ರಕಾರ ಕೊಂಡವರೇ ಅವರಿಗೆ ಹೊಸ ಮಾಲೀಕರಾಗುತ್ತಾರೆ, ಹಳೇ ಕರಾರೂ ಹಾಗೇ ಮುಂದುವರಿಯುತ್ತದೆ. ಅಡ್ವಾನ್ಸ್ ಯಾರು ವಾಪಸ್ ಕೊಡಬೇಕು ಅನ್ನುವುದನ್ನು ಮಾತ್ರ ಕ್ರಯಪತ್ರದಲ್ಲೇ ಬರೆಸಿ, ಜಗಳ ಶುರುವಾಗುವುದೇ ಅಲ್ಲಿ.

ಖಾಲಿ ಮನೆಯೇ ಬೇಕು ಅಂತ ಕೊಳ್ಳುವವರು ಹಟ ಹಿಡಿದರೆ, ತಿಂಗಳ ಬಾಡಿಗೆಗೆ ಸಾಮಾನ್ಯವಾಗಿ 15 ದಿನದ ನೋಟಿಸ್ ಸಾಕು. ಆದರೆ ಅವಧಿ ಮುಗಿಯಿತು ಅಂತ ಬೀಗ ಹಾಕುವುದು, ಕರೆಂಟು ನೀರು ನಿಲ್ಲಿಸುವುದು ಬೇಡವೇ ಬೇಡ, ಅವರು ಒಪ್ಪದಿದ್ದರೆ ಕೋರ್ಟೇ ದಾರಿ. ಕರ್ನಾಟಕದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾನೂನಿನ ಜಾಗಕ್ಕೆ 1999ರ ಬಾಡಿಗೆ ಕಾಯ್ದೆ ಬಂದ ಮೇಲೆ ಜಾಸ್ತಿ ಬಾಡಿಗೆಯ ಮನೆಗಳು ಅದರ ಹೊರಗಿವೆ, ತೀರಾ ಕಡಿಮೆ ಬಾಡಿಗೆಯ ಹಳೇ ಮನೆಯಾದರೆ ಆ ಕಾಯ್ದೆಯೊಳಗೇ ಬರಬಹುದು, ಹಾಗಾಗಿ ಮೊದಲು ವಕೀಲರಿಗೆ ಕರಾರು ತೋರಿಸಿ. ಮಕ್ಕಳಿರುವ ಮನೆಯಾದರೆ ಪರೀಕ್ಷೆ ಮುಗಿಯುವವರೆಗಾದರೂ ಸಮಯ ಕೊಡಿ, ಅಲ್ವಾ?