ಅಜ್ಜನ ಮಾತಿಗೆ ಎಷ್ಟು ಅಂಕ?

ಕಲಬುರಗಿಯ ಬಿ.ಎ. ವಿದ್ಯಾರ್ಥಿನಿಯೊಬ್ಬರ ಪತ್ರ: ‘ಇತಿಹಾಸದ ಅಸೈನ್‌ಮೆಂಟಿಗೆ ಅಜ್ಜನನ್ನು ಕೇಳಿ, ನಿಜಾಮನ ಪರ ನಿಂತ ರಜಾಕಾರರ ಪಡೆಯ ಕಾಲ, ಆಮೇಲೆ ಹೈದರಾಬಾದ್ ಸಂಸ್ಥಾನದ ಮೇಲೆ ನಡೆದ ಪೊಲೀಸ್ ಆ್ಯಕ್ಷನ್ ನಮ್ಮೂರಲ್ಲಿ ಹೇಗಿತ್ತು ಅಂತ ಬರೆದೆ. ನೆಟ್‌ನಿಂದ ಇಳಿಸಿ ಪ್ರಿಂಟ್ ಹಾಕಿಸಿದವರಿಗೆ ನನಗಿಂತ ಜಾಸ್ತಿ ಅಂಕ ಬಂತು. ಇತಿಹಾಸ ಅಂದರೆ ಬಾಯಿಪಾಠವೇ?’

ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ಸಿಟ್ಟು ಸರಿಯಾಗಿದೆ.

ಬಹಮನಿ ಸುಲ್ತಾನರ ಪ್ರಧಾನಿಯಾಗಿದ್ದವನು ಮಹಮೂದ್ ಗವಾನ್. ಪರೀಕ್ಷೆಯಲ್ಲಿ ‘ಮಹಮೂದ್ ಗವಾನನ ಸುಧಾರಣೆಗಳನ್ನು ವಿವರಿಸಿ’ ಅಂತ ಕೇಳಿದರೆ ಗೈಡ್ ಓದಿದವರೆಲ್ಲ ಬರೀತಾರೆ. 1472ರ ಬೀದರ್ ಮದರಸಾ, ಭೂಮಿಯ ಅಳತೆ, ನಾಲ್ಕು ತರಫ್ (ಅಂದರೆ ಪ್ರಾಂತ) ಎಂಟಾದದ್ದು. ಇದೆಲ್ಲ ಗೊತ್ತಿರಲೇಬೇಕು. ಆದರೆ ಗವಾನ್ ಸತ್ತದ್ದು ಹೇಗೆ? ಅವನ ಮುದ್ರೆ ಇಟ್ಟುಕೊಂಡಿದ್ದವನನ್ನು ವೈರಿಗಳು ತಮ್ಮ ಕಡೆ ಸೆಳೆದುಕೊಂಡರು. ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿದರು. ಒಡಿಶಾದ ರಾಜನನ್ನು ದಂಡೆತ್ತಿ ಬಾ ಅಂತ ಗವಾನನೇ ಕರೆದ ಹಾಗೆ ಅದರಲ್ಲಿ ಬರೆದರು. ಮುದ್ರೆ ಅಸಲಿ, ಪತ್ರ ನಕಲಿ. ಸುಲ್ತಾನ ಮೂರನೇ ಮುಹಮ್ಮದ್ ಷಾ ನಂಬಿಬಿಟ್ಟ. 1481ರಲ್ಲಿ ಗವಾನನ ತಲೆ ಹೋಯಿತು. ‘ಆ ಪತ್ರ ನಿಮ್ಮ ಕೈಗೆ ಬಂದಿದ್ದರೆ ಹೇಗೆ ಪರೀಕ್ಷೆ ಮಾಡ್ತಿದ್ದಿರಿ?’ ಅಂತ ಹತ್ತು ಅಂಕಕ್ಕೆ ಕೇಳಲಿ. ಇದಕ್ಕೆ ಯಾವ ಗೈಡೂ ಸಾಲದು.

ಬೇಜಾರು ಮಾಡ್ಕೋಬೇಡಿ, ಅಜ್ಜನ ಮಾತನ್ನೂ ಹೀಗೇ ಪರೀಕ್ಷಿಸಬೇಕು. ಆಗ ಅವರ ವಯಸ್ಸೆಷ್ಟು? ಕಣ್ಣಾರೆ ಕಂಡದ್ದು ಯಾವುದು, ಕಟ್ಟೆ ಮೇಲೆ ಕೇಳಿದ್ದು ಯಾವುದು? ಭಾರತದ ಸೈನ್ಯ ಸಂಸ್ಥಾನದ ಒಳಗೆ ಬಂದದ್ದು 1948ರ ಸೆಪ್ಟೆಂಬರ್ 13ಕ್ಕೆ, ನಿಜಾಮ ಶರಣಾದದ್ದು 17ಕ್ಕೆ. ಅಜ್ಜ ಹೇಳಿದ್ದು ಇದಕ್ಕೆ ಹೊಂದುತ್ತಾ? ಪಕ್ಕದ ಓಣಿಯ ಮುಸ್ಲಿಂ ಮನೆಯ ಹಿರಿಯರು ಅದೇ ದಿನಗಳನ್ನು ಹೇಗೆ ನೆನೀತಾರೆ? ಇಬ್ಬರ ಮಾತು ಕೂಡದಿದ್ದರೆ ಕೂಡಲಿಲ್ಲ ಅಂತಲೇ ಬರೆಯಿರಿ. ಅಂಕ ಸಿಗಬೇಕಾದ ಜಾಗ ಅದೇ. ಆದರೆ ಇದನ್ನು ನಿಮಗೆ ಮೊದಲೇ ಹೇಳಿಕೊಡಬೇಕಿತ್ತು. ಯಾವುದಕ್ಕೆ ಅಂಕ ಅಂತ ತಿಳಿಸದೆ ಅಂಕ ಕಡಿಮೆ ಮಾಡೋದು ನ್ಯಾಯ ಅಲ್ಲ.

ಪಾಠ ಹೇಳುವವರ ಕಷ್ಟವೂ ಇದೆ, ಮೇಜಿನ ಮೇಲೆ ಅಸೈನ್‌ಮೆಂಟಿನ ರಾಶಿ ಬಿದ್ದಿರುತ್ತೆ. ಆದರೂ ಒಬ್ಬೊಬ್ಬರನ್ನು ಐದು ನಿಮಿಷ ಕೂರಿಸಿ, ‘ಈ ಸಾಲು ಎಲ್ಲಿಂದ ಬಂತವ್ವಾ?’ ಅಂತ ಕೇಳಿದರೆ ನೆಟ್‌ನ ನಕಲು ಅಲ್ಲೇ ಗೊತ್ತಾಗುತ್ತೆ.

ಆ ಹಾಳೆಗಳನ್ನು ಎಸೆಯಬೇಡಿ. ಅಜ್ಜನ ಹತ್ತಿರ ಇನ್ನೊಮ್ಮೆ ಕೂತು, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತಿದ್ದಿ ಬರೆದ ಮೇಲೆ ನಮಗೆ ಕಳಿಸಿ, ಓದಲು ಕಾಯ್ತಿರ್ತೀನಿ.

— ಸಂಪಾದಕ