ನೀಲ್ ಯಂಗ್: 'ಹಾರ್ವೆಸ್ಟ್' ಆದಮೇಲೆ ಯಾವುದು?

ರಾಕ್ ಗಾಯಕ ನೀಲ್ ಯಂಗ್‌ನ 'ಹಾರ್ವೆಸ್ಟ್' ಆಲ್ಬಂ ಇಷ್ಟವಾಯಿತು, ಆಮೇಲೆ ಅವನದೇ 'ಟ್ರಾನ್ಸ್' ಹಾಕಿ ತಲೆಕೆಟ್ಟಿತು, ಮುಂದೆ ಯಾವುದು ಕೇಳಲಿ ಅಂದಿದ್ದೀರಿ. ತೊಂದರೆ ಆಯ್ಕೆಯದ್ದು ಅನಿಸುತ್ತದೆ. ನೀಲ್ ಯಂಗ್ ಒಳಗೆ ಇಬ್ಬರಿದ್ದಾರೆ. ಅಕೂಸ್ಟಿಕ್ ಗಿಟಾರ್, ಹಾರ್ಮೋನಿಕಾ ಹಿಡಿದು ಮೆಲ್ಲಗೆ ಹಾಡುವವನು ಒಬ್ಬ. ಕ್ರೇಜಿ ಹಾರ್ಸ್ ತಂಡ ಕಟ್ಟಿಕೊಂಡು ಎಲೆಕ್ಟ್ರಿಕ್ ಗಿಟಾರ್ ಅಬ್ಬರಿಸುವವನು ಇನ್ನೊಬ್ಬ. 1982ರ 'ಟ್ರಾನ್ಸ್' ಎರಡೂ ಅಲ್ಲ. ಅದರ ಬಹುಪಾಲು ಹಾಡುಗಳಲ್ಲಿ ದನಿ ವೋಕೋಡರ್ ಅನ್ನೋ ದನಿ ಬದಲಿಸುವ ಯಂತ್ರದ ಮೂಲಕ ರೋಬೋಟ್ ಥರ ಬರುತ್ತದೆ. ಸದ್ಯಕ್ಕೆ ಪಕ್ಕಕ್ಕಿಡಿ.

ಮೊದಲು 1970ರ 'ಆಫ್ಟರ್ ದ ಗೋಲ್ಡ್ ರಷ್' ಕೇಳಿ. ಶಫಲ್ ಬೇಡ, ಪೂರ್ತಿ ಕೇಳಿ. ಶೀರ್ಷಿಕೆ ಹಾಡಿನಲ್ಲಿ ಬರೀ ಪಿಯಾನೋ, ನಡುವೆ ಒಂದು ಹಾರ್ನ್. ಅದಾದ ಸ್ವಲ್ಪ ಹೊತ್ತಿನಲ್ಲಿ 'ಸದರ್ನ್ ಮ್ಯಾನ್' ಸಿಟ್ಟಿನಿಂದ ನುಗ್ಗುತ್ತದೆ. ಇವೆರಡರಲ್ಲಿ ಯಾವುದು ಹಿಡಿಸಿತು ಅನ್ನೋದೇ ಮುಂದಿನ ದಾರಿ.

ಮೊದಲನೆಯದಾದರೆ 1992ರ 'ಹಾರ್ವೆಸ್ಟ್ ಮೂನ್'. ಎರಡನೆಯದಾದರೆ 1969ರ 'ಎವ್ರಿಬಡಿ ನೋಸ್ ದಿಸ್ ಈಸ್ ನೋವೇರ್'. ಅದರ 'ಸಿನಮನ್ ಗರ್ಲ್'ನ ಗಿಟಾರ್ ಸೋಲೋದಲ್ಲಿ ಹೆಚ್ಚುಕಮ್ಮಿ ಒಂದೇ ಸ್ವರ! ಆದರೂ ಬೋರಾಗಲ್ಲ. 'ಡೌನ್ ಬೈ ದ ರಿವರ್' ಒಂಬತ್ತು ನಿಮಿಷ ದಾಟುತ್ತದೆ, ಅವಸರ ಮಾಡಬೇಡಿ.

ಎರಡೂ ಬೇಕಾ? 1979ರ 'ರಸ್ಟ್ ನೆವರ್ ಸ್ಲೀಪ್ಸ್' ಹಾಕಿ. ರೆಕಾರ್ಡಿನ ಒಂದು ಬದಿ ಅಕೂಸ್ಟಿಕ್, ಇನ್ನೊಂದು ಎಲೆಕ್ಟ್ರಿಕ್.

1974ರ 'ಆನ್ ದ ಬೀಚ್' ನನಗೆ ಎಲ್ಲಕ್ಕಿಂತ ಇಷ್ಟ, ಆದರೆ ಮಂಕು ಕವಿದ ಆಲ್ಬಂ. ನಿಮಗೆ ಹಿಡಿಸುತ್ತದೋ ಇಲ್ಲವೋ ಹೇಳಲಾರೆ, ಕೊನೆಗಿಟ್ಟುಕೊಳ್ಳಿ. 1991ರ 'ಆರ್ಕ್' ಮಾತ್ರ ಈಗಲೇ ಮುಟ್ಟಬೇಡಿ. ಅದು ಮೂವತ್ತೈದು ನಿಮಿಷ ಸುಮ್ನೆ ಗಿಟಾರ್, ಸ್ಪೀಕರ್ ಕಿರುಚುವ ಫೀಡ್‌ಬ್ಯಾಕ್ ಗದ್ದಲ.